ಬಾಡಿದ ಗಿಡಕ್ಕೆ ಬಾಯಾರಿಕೆಯಿಲ್ಲ

ಬೆಂಗಳೂರಿನ ಕಾಮಾಕ್ಷಿಪಾಳ್ಯದಲ್ಲಿ ಕುಂಡದ ಗಿಡವೊಂದು ಸತ್ತರೆ ಆರೋಪಿಗಳ ಪಟ್ಟಿ ಮೊದಲೇ ಸಿದ್ಧವಿರುತ್ತದೆ. ಪಕ್ಕದ ಪೌಡರ್ ಕೋಟಿಂಗ್ ಶೆಡ್ಡಿನ ಹೊಗೆ, ಮಾಗಡಿ ರಸ್ತೆಯ ಧೂಳು, ಎದುರುಮನೆಯವರ ದೃಷ್ಟಿ. ಇವು ಯಾವುವೂ ಹೊಂದದಿದ್ದರೆ ನೆಟ್ಟವರ ಕೈಗುಣ. ಸತ್ತ ಗಿಡವನ್ನು ಕಿತ್ತು ಬೇರು ಮೂಸಿ ನೋಡುವವರು ಮಾತ್ರ ಅಪರೂಪ. ಮೂಸಿದರೆ ಚರಂಡಿಯ ವಾಸನೆ ಹೊಡೆಯುತ್ತದೆ. ಬೇರನ್ನು ಎರಡು ಬೆರಳಲ್ಲಿ ಹಿಡಿದೆಳೆದರೆ ಮೇಲಿನ ಸಿಪ್ಪೆ ಜಾರಿ ಬಂದು ಒಳಗಿನ ನಾರು ಬರಿಯ ದಾರವಾಗಿ ಉಳಿಯುತ್ತದೆ. ಹೊಗೆ, ಧೂಳು, ದೃಷ್ಟಿಗಳಿಗೆ ಈ ಕೆಲಸ ಬರುವುದಿಲ್ಲ. ಆ ಗಿಡ ಮುಳುಗಿ ಸತ್ತಿದೆ.

ಬಾಡಿದರೆ ನೀರು ಹಾಕು, ಹಳದಿಯಾದರೆ ಗೊಬ್ಬರ ಹಾಕು, ಅಷ್ಟಕ್ಕೂ ಏಳದಿದ್ದರೆ ಎರಡನ್ನೂ ಇನ್ನೊಂದಿಷ್ಟು ಹಾಕು. ಕುರುಬರಹಳ್ಳಿಯಿಂದ ಸುಮನಹಳ್ಳಿಯವರೆಗಿನ ತಾರಸಿಗಳಲ್ಲಿ ಈ ಮತಕ್ಕೆ ಎದುರಾಳಿಗಳೇ ಇಲ್ಲ. ಮನೆಯ ಹಿರಿಯರು ಹೇಳುವುದು ಇದನ್ನೇ, ತಳ್ಳುಗಾಡಿಯಲ್ಲಿ ಗಿಡ ಮಾರುವವನು ಹೇಳುವುದೂ ಇದನ್ನೇ, ಮೊಬೈಲಿನ ವಿಡಿಯೋಗಳಂತೂ ಇದನ್ನು ಬಿಟ್ಟು ಬೇರೆ ಮಾತಾಡುವುದಿಲ್ಲ. ಗಿಡ ಸಾಯುವುದು ಆರೈಕೆ ಸಾಲದೆ ಎಂಬ ನಂಬಿಕೆ ಇದರ ತಳದಲ್ಲಿದೆ. ನನ್ನ ತಕರಾರು ಆ ನಂಬಿಕೆಯ ಜೊತೆಗೆ. ನಮ್ಮ ಕುಂಡಗಳಲ್ಲಿ ಸಾಯುವ ಗಿಡಗಳಲ್ಲಿ ಬಹುಪಾಲು ಆರೈಕೆಯಿಂದಲೇ ಸಾಯುತ್ತಿವೆ. ಉಳಿಸಹೊರಟವರು ಅದೇ ಆರೈಕೆಯನ್ನು ಇಮ್ಮಡಿ ಮಾಡಿ ಕೊನೆಯ ಪೆಟ್ಟು ಕೊಡುತ್ತಿದ್ದಾರೆ.

ಮೊದಲು ನೀರಿನ ಮಾತು. ನಮ್ಮ ಬೀದಿಗಳಿಗೆ ಕಾವೇರಿ ನೀರು ದಿನವೂ ಬರುವುದಿಲ್ಲ. ಬರುವ ದಿನವೂ ಹೊತ್ತುಗೊತ್ತಿಲ್ಲ. ನಲ್ಲಿ ಕೊಸರಾಡಿದ ಸದ್ದು ಕೇಳಿದರೆ ಸಾಕು, ಡ್ರಮ್ಮು, ಕೊಡ, ಬಕೆಟ್ಟುಗಳಲ್ಲಿದ್ದ ಹಳೆಯ ನೀರು ಖಾಲಿಯಾಗಬೇಕು, ಹೊಸ ನೀರು ತುಂಬಬೇಕು. ಹಳೆಯದನ್ನು ಚರಂಡಿಗೆ ಚೆಲ್ಲಲು ಯಾರಿಗೂ ಮನಸ್ಸು ಬಾರದು. ಹಾಗಾಗಿ ಅದು ನೇರ ಕುಂಡಗಳಿಗೆ ಹೋಗುತ್ತದೆ. ಅಂದರೆ ಗಿಡ ಯಾವ ದಿನ ಎಷ್ಟು ಕುಡಿಯಬೇಕು ಎಂಬುದನ್ನು ತೀರ್ಮಾನಿಸುವವನು ಜಲಮಂಡಳಿಯ ವಾಲ್ವ್ ತಿರುಗಿಸುವ ಮನುಷ್ಯ. ಹಿಂದಿನ ರಾತ್ರಿ ಧಾರಾಕಾರ ಮಳೆ ಸುರಿದಿದ್ದರೂ ಬೆಳಗ್ಗೆ ವಾಲ್ವ್ ತಿರುಗಿದರೆ ಕುಂಡಕ್ಕೆ ಅರ್ಧ ಬಕೆಟ್ಟು ಖಾತ್ರಿ. ಬೆಂಗಳೂರಿನಲ್ಲಿ ವರ್ಷಕ್ಕೆ ಸುಮಾರು 970 ಮಿಲಿಮೀಟರ್ ಮಳೆಯಾಗುತ್ತದೆ. ಬಯಲಲ್ಲಿಟ್ಟ 12 ಅಂಗುಲ ಬಾಯಿಯ ಕುಂಡವೊಂದಕ್ಕೆ ಬರಿಯ ಆಕಾಶದಿಂದಲೇ ವರ್ಷಕ್ಕೆ 70 ಲೀಟರಿನಷ್ಟು ನೀರು ಬಿತ್ತೆಂದು ಲೆಕ್ಕ. ಅದರ ದೊಡ್ಡ ಪಾಲು ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ. ಬಿಸಿಲೂ ಕಡಿಮೆ, ಮಣ್ಣು ಒಣಗುವ ವೇಗವೂ ಕಡಿಮೆ ಇರುವ ಆ ದಿನಗಳಲ್ಲಿ ನಮ್ಮ ಬಕೆಟ್ಟು ಮಾತ್ರ ಏಪ್ರಿಲ್ ತಿಂಗಳಿನ ಲೆಕ್ಕದಲ್ಲೇ ಮೆಟ್ಟಿಲು ಹತ್ತುತ್ತದೆ.

ಇನ್ನು ಆ ಕುಂಡವಾದರೂ ಎಂಥದ್ದು? ಇಪ್ಪತ್ತು ಲೀಟರಿನ ಪೇಂಟ್ ಬಕೆಟ್ಟು, ಎಣ್ಣೆ ಡಬ್ಬ, ಥರ್ಮೊಕೋಲ್ ಪೆಟ್ಟಿಗೆ. ಮರುಬಳಕೆಗೆ ನನ್ನ ಆಕ್ಷೇಪವಿಲ್ಲ, ತಳಕ್ಕೆ ತೂತಿದ್ದರೆ. ಲೇತು, ಡ್ರಿಲ್ಲು, ಮಿಲ್ಲಿಂಗ್ ಯಂತ್ರಗಳು ಬೆಳಗಿನಿಂದ ರಾತ್ರಿಯವರೆಗೆ ತಿರುಗುವ ಬಡಾವಣೆ ಇದು. ಕೂದಲೆಳೆಯಷ್ಟೂ ಲೆಕ್ಕ ತಪ್ಪದೆ ಉಕ್ಕಿಗೆ ತೂತು ಕೊರೆಯುವ ಕೈಗಳು ಪ್ರತಿ ಅಡ್ಡರಸ್ತೆಯಲ್ಲಿವೆ. ಅದೇ ಕೈಗಳ ಮನೆಯ ತಾರಸಿಯಲ್ಲಿ ಪ್ಲಾಸ್ಟಿಕ್ ಬಕೆಟ್ಟಿಗೊಂದು ತೂತಿಲ್ಲ. ಇದು ಸೋಮಾರಿತನವೆಂದು ನಾನು ಹೇಳಲಾರೆ. ಇಪ್ಪತ್ತು-ಮೂವತ್ತರ ಸೈಟಿನಲ್ಲಿ ಮೂರು ಅಂತಸ್ತು ಎದ್ದಿರುತ್ತದೆ. ಮೇಲಿನ ಕುಂಡದಿಂದ ಕೆಸರು ನೀರು ಇಳಿದರೆ ಕೆಳಮನೆಯವರ ಒಣಗಿದ ಬಟ್ಟೆಗೆ ಬೀಳುತ್ತದೆ, ಜಗಳ ಏಳುತ್ತದೆ. ಮನೆ ಓನರಿಗೆ ಸ್ಲ್ಯಾಬಿಗೆ ತೇವ ಇಳಿದೀತೆಂಬ ಭಯ. ಆದ್ದರಿಂದ ತೂತಿರುವ ಕುಂಡಕ್ಕೂ ಅಡಿಯಲ್ಲಿ ತಟ್ಟೆ ಇಡಿಸುತ್ತಾರೆ. ಕೆಲವರು ತೂತನ್ನೇ ಎಂ-ಸೀಲ್ ಹಾಕಿ ಮುಚ್ಚಿಬಿಡುತ್ತಾರೆ. ಕೆಳಮನೆಯ ಶಾಂತಿಗಾಗಿ ಮೇಲ್ಮನೆಯ ದಾಸವಾಳ ಕೆರೆಯಲ್ಲಿ ನಿಂತಿರುತ್ತದೆ.

ಬೇರು ನೀರು ಕುಡಿಯುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಬೇರು ಉಸಿರಾಡುತ್ತದೆ ಎಂಬುದನ್ನು ಶಾಲೆಯಲ್ಲಿ ಓದಿ ಮರೆತಿರುತ್ತೇವೆ. ಮಣ್ಣಿನ ಕಣಗಳ ನಡುವಿನ ಸಂದುಗಳಲ್ಲಿ ಗಾಳಿ ಇರಬೇಕು. ಆ ಗಾಳಿಯ ಆಮ್ಲಜನಕದಿಂದಲೇ ಬೇರಿಗೆ ನೀರನ್ನೂ ಪೋಷಕಾಂಶವನ್ನೂ ಒಳಗೆಳೆಯುವ ಶಕ್ತಿ ಹುಟ್ಟುತ್ತದೆ. ಸಂದುಗಳೆಲ್ಲ ನೀರಿನಿಂದ ತುಂಬಿದರೆ ಆಮ್ಲಜನಕದ ಸಂಚಾರ ಹೆಚ್ಚುಕಡಿಮೆ ನಿಂತೇಹೋಗುತ್ತದೆ, ಏಕೆಂದರೆ ಅದು ನೀರಿನಲ್ಲಿ ಹರಡುವ ವೇಗ ಗಾಳಿಯಲ್ಲಿ ಹರಡುವುದಕ್ಕಿಂತ ಸುಮಾರು 10,000 ಪಟ್ಟು ನಿಧಾನ. ಉಸಿರು ಕಟ್ಟಿದ ಬೇರು ತನ್ನ ನೀರಿನ ಬಾಗಿಲುಗಳನ್ನು ಮುಚ್ಚಿಕೊಳ್ಳುತ್ತದೆ. ಸುತ್ತ ನೀರು ತುಂಬಿದ್ದರೂ ಮೇಲಿನ ಎಲೆಗೆ ಒಂದು ಹನಿ ಏರುವುದಿಲ್ಲ. ಎಲೆ ಜೋಲುತ್ತದೆ. ಬಾಯಾರಿ ಜೋತ ಎಲೆಗೂ ಮುಳುಗಿ ಜೋತ ಎಲೆಗೂ ದೂರದಿಂದ ನೋಡುವವರಿಗೆ ವ್ಯತ್ಯಾಸ ಕಾಣುವುದು ಕಷ್ಟ. ಗಿಡದ ಮುಖ ನೋಡಿ ನೀರೆರೆಯುವವರು ತಪ್ಪುವುದು ಇಲ್ಲಿ. ನೋಡಬೇಕಾದ್ದು ಮಣ್ಣನ್ನು. ಮಣ್ಣು ಒದ್ದೆಯಿದ್ದೂ ಗಿಡ ಬಾಡಿದ್ದರೆ ಅದಕ್ಕೆ ಬಾಯಾರಿಕೆಯಿಲ್ಲ, ಉಸಿರಿಲ್ಲ. ಆಗ ಸುರಿದ ಒಂದು ಲೋಟ ನೀರೂ ಹೆಚ್ಚೇ.

ಇದೇನು ಹೊಸ ಸಂಶೋಧನೆಯೇ? ಮಲೆನಾಡಿನ ಯಾವ ತೋಟಿಗರನ್ನು ಕೇಳಿದರೂ ನಕ್ಕಾರು. ಕಾಳುಮೆಣಸಿನ ಬಳ್ಳಿ ಸೊರಗಿ ಬೀಳುವುದು ಬೇಸಿಗೆಯಲ್ಲಲ್ಲ, ಆಷಾಢ-ಶ್ರಾವಣದ ಜಡಿಮಳೆಯಲ್ಲಿ. ಅದನ್ನು ಅವರು ಸೊರಗು ರೋಗ ಎನ್ನುತ್ತಾರೆ. ಬಳ್ಳಿಗೆ ನೀರು ಸಾಲದೆಂದು ಯಾರೂ ಕೊಡ ಹೊತ್ತು ಓಡುವುದಿಲ್ಲ, ಬಸಿಗಾಲುವೆ ಕಟ್ಟಿದೆಯೋ ಎಂದು ಗುದ್ದಲಿ ಹಿಡಿದು ನೋಡುತ್ತಾರೆ. ಹಾಸನ, ಕೊಡಗು, ಶಿವಮೊಗ್ಗದ ಶುಂಠಿ ಬೆಳೆಗಾರರಿಗೆ ಗೆಡ್ಡೆ ಕೊಳೆಯ ಭಯ ಎಂಥದ್ದೆಂದರೆ, ಮಡಿಯನ್ನು ಎತ್ತರಿಸಿ, ನಡುವೆ ಚರಂಡಿ ತೋಡದೆ ಬಿತ್ತನೆಗೇ ಇಳಿಯುವುದಿಲ್ಲ. ಅಡಿಕೆಯ ಕೊಳೆರೋಗದ ಕಥೆ ಇನ್ನೂ ಹಳೆಯದು. ಗೊನೆಗೆ ಮಳೆನೀರು ತಾಗದಂತೆ ಮರ ಹತ್ತಿ ಕೊಟ್ಟೆ ಕಟ್ಟುತ್ತಿದ್ದ ಜನ ನಮ್ಮವರು. 1908ರಲ್ಲಿ ಕೆನಡಾದಿಂದ ಮೈಸೂರು ಸಂಸ್ಥಾನಕ್ಕೆ ಬಂದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ ಮೊದಲು ಕೈಹಾಕಿದ ದೊಡ್ಡ ಕೆಲಸಗಳಲ್ಲಿ ಕೊಳೆರೋಗದ ಅಧ್ಯಯನವೂ ಒಂದು. 1910ರಲ್ಲಿ ಅವರು ಅದರ ವರದಿ ಪ್ರಕಟಿಸಿದರು, ಬೋರ್ಡೋ ದ್ರಾವಣವನ್ನು ತೋಟಗಳಿಗೆ ಒಯ್ದರು. ಅಡಿಕೆಯ ಕೊಳೆಗೂ ಮೆಣಸಿನ ಸೊರಗಿಗೂ ಕಾರಣವಾದ ಜೀವಿಗಳು ಫೈಟಾಫ್ತೊರಾ ಎಂಬ ಒಂದೇ ಕುಲದವು. 1845ರಲ್ಲಿ ಐರ್ಲೆಂಡಿನ ಆಲೂಗಡ್ಡೆಯನ್ನು ನೆಲಸಮ ಮಾಡಿದ್ದೂ ಆ ಕುಲದ್ದೇ. ಶುಂಠಿಯನ್ನು ಕೊಳೆಸುವ ಪಿಥಿಯಂ ಅದರ ದಾಯಾದಿ. ಇವುಗಳ ಬೀಜಕಣಗಳಿಗೆ ಬಾಲಗಳಿವೆ. ನೀರು ನಿಂತ ಮಣ್ಣಿನಲ್ಲಿ ಈಜುತ್ತಾ ಹೋಗಿ ಬೇರನ್ನು ಹಿಡಿಯುತ್ತವೆ. ನೀರು ಬಸಿದುಹೋದರೆ ಈಜಲು ದಾರಿಯಿಲ್ಲ. ನಮ್ಮ ತಟ್ಟೆಯ ಮೇಲಿನ ಕುಂಡ ಇವಕ್ಕೆ ಈಜುಕೊಳ.

ಊರಿನಲ್ಲಿ ತೋಟ ಬಿಟ್ಟು ಬಂದು ಇಲ್ಲಿ ಶೆಡ್ಡು ಸೇರಿದವರ ಎರಡನೇ ತಲೆಮಾರು ಈ ತಿಳಿವಳಿಕೆಯನ್ನು ಪೂರ್ತಿ ಕಳೆದುಕೊಂಡಿದೆ. ಉಳಿದದ್ದು ನೀರೆರೆಯುವುದು ಪುಣ್ಯ ಎಂಬ ಅರ್ಧ ಮಾತು. ನೀರು ಬಸಿಯುವುದು ಅದರ ಇನ್ನರ್ಧ. ಅದನ್ನು ಹೇಳಿಕೊಡುವವರಿಲ್ಲ.

ನೀರಿನಷ್ಟೇ ಗೊಬ್ಬರವೂ ಕೊಲ್ಲುತ್ತದೆ, ಆದರೆ ಬೇರೆ ದಾರಿಯಿಂದ. ಗೊಬ್ಬರವೆಂದರೆ ಕೊನೆಗೆ ಲವಣ. ಮಣ್ಣಿನ ನೀರಿನಲ್ಲಿ ಲವಣ ಹೆಚ್ಚಾದರೆ ಬೇರು ನೀರು ಹೀರಲು ತಿಣುಕುತ್ತದೆ. ತೀರಾ ಹೆಚ್ಚಾದರೆ ಬೇರಿನಲ್ಲಿದ್ದ ನೀರೇ ಹೊರಗೆ ಹರಿಯುತ್ತದೆ. ಎಲೆಯ ತುದಿ, ಅಂಚು ಸುಟ್ಟ ಕಾಗದದಂತಾಗುತ್ತದೆ. ಕುಂಡದ ಬಾಯಿಯ ಸುತ್ತ ಬಿಳಿ ಪುಡಿ ಕಟ್ಟುತ್ತದೆ. ನಮ್ಮ ಕಡೆಯ ಬೋರ್‌ವೆಲ್ ನೀರಿನ ಗಡಸುತನ ಕೊಡದ ತಳದಲ್ಲಿ, ಗೀಸರಿನ ಒಳಗೆ ದಿನವೂ ಕಾಣುವಂಥದ್ದು. ಅದರ ಮೇಲೆ ಆರ್‌ಒ ಯಂತ್ರ ಹೊರಗೆ ಹಾಕುವ, ಲವಣ ಇನ್ನೂ ಗಟ್ಟಿಯಾದ ನೀರನ್ನು ವ್ಯರ್ಥ ಮಾಡಬಾರದೆಂದು ಕುಂಡಕ್ಕೆ ಸುರಿಯುತ್ತಾರೆ. ಉಳಿತಾಯದ ಸಮಾಧಾನ ನಮಗೆ, ಉಪ್ಪು ಗಿಡಕ್ಕೆ.

ಉತ್ತರ ಕರ್ನಾಟಕದಲ್ಲಿ ನೀರು, ಉಪ್ಪಿನ ಈ ಜೋಡಿ ಕಾಟಕ್ಕೆ ಸವಳು-ಜವಳು ಎಂಬ ಹೆಸರಿದೆ. ಜವಳು ನೀರು ನಿಂತ ನೆಲ, ಸವಳು ಉಪ್ಪೇರಿದ ನೆಲ. ತುಂಗಭದ್ರಾ ಅಣೆಕಟ್ಟಿನಿಂದ 1953ರಲ್ಲಿ ಕಾಲುವೆಗೆ ನೀರು ಬಂತು. ಜೋಳ, ಹತ್ತಿಯಂಥ ಅರೆ ನೀರಾವರಿ ಬೆಳೆಗಳಿಗೆಂದು ಲೆಕ್ಕ ಹಾಕಿದ್ದ ಕಪ್ಪುನೆಲದಲ್ಲಿ ಭತ್ತ ನಿಂತಿತು. ಗಂಗಾವತಿ, ಸಿಂಧನೂರು, ಸಿರುಗುಪ್ಪದ ಎಷ್ಟೋ ಹೊಲಗಳಲ್ಲಿ ಅಂತರ್ಜಲ ಮೇಲೆದ್ದಿತು, ಅದರ ಜೊತೆ ಉಪ್ಪೂ ಮೇಲೆದ್ದಿತು. ಅಷ್ಟು ದೊಡ್ಡ ಕಾಲುವೆಯ ಕೊನೆಯಂಚಿನ ರೈತ ನೀರಿಲ್ಲದೆ ಅತ್ತರೆ, ಮೇಲಂಚಿನ ಹೊಲ ನೀರು ಹೆಚ್ಚಾಗಿ ಬಂಜರಾಯಿತು. ಆ ಹೊಲಗಳನ್ನು ತಿರುಗಿ ಬದುಕಿಸಲು ಕೃಷಿ ವಿಜ್ಞಾನಿಗಳು ಹೇಳಿದ್ದೇನು? ಹೆಚ್ಚು ಯೂರಿಯಾ ಹಾಕಿ ಎಂದಲ್ಲ. ನೆಲದಡಿ ತೂತಿನ ಕೊಳವೆ ಹೂತು ನೀರನ್ನೂ ಉಪ್ಪನ್ನೂ ಬಸಿಯಿರಿ ಎಂದು. ಸಾವಿರಾರು ಎಕರೆಯಲ್ಲಿ ಕಲಿತ ಪಾಠ ಕಾಮಾಕ್ಷಿಪಾಳ್ಯದ ಬಾಲ್ಕನಿಗೆ ಇನ್ನೂ ತಲುಪಿಲ್ಲ.

ಇಲ್ಲಿ ಯಾರೂ ಅಳತೆ ಮಾಡುವುದಿಲ್ಲವಾದ್ದರಿಂದ ಒಂದು ಸಣ್ಣ ಲೆಕ್ಕ ಹಾಕೋಣ. ಮಳೆಯಾಶ್ರಿತ ರಾಗಿಗೆ ಹೆಕ್ಟೇರಿಗೆ 50 ಕಿಲೋ ಸಾರಜನಕ ಎಂಬುದು ನಮ್ಮ ಕೃಷಿ ವಿಶ್ವವಿದ್ಯಾಲಯದ ಶಿಫಾರಸು. ಅಂದರೆ ಚದರ ಮೀಟರಿಗೆ 5 ಗ್ರಾಮ್. 12 ಅಂಗುಲದ ಕುಂಡದ ಬಾಯಿ ಚದರ ಮೀಟರಿನ 14ನೇ ಒಂದು ಪಾಲು. ಯೂರಿಯಾದಲ್ಲಿ ಸಾರಜನಕ ನೂರಕ್ಕೆ 46. ಕೂಡಿಸಿ ಕಳೆದರೆ ಕುಂಡದ ಪಾಲಿಗೆ ಬರುವುದು ಇಡೀ ಒಂದು ಬೆಳೆಗೆ ಒಂದು ಗ್ರಾಮಿಗೂ ಕಡಿಮೆ ಯೂರಿಯಾ, ಒಂದು ಚಿಟಿಕೆ. ಕುಂಡದ ಗಿಡಕ್ಕೆ ಬೇರು ಹೊರಗೆ ಚಾಚಲು ಆಗದು, ಅದು ವರ್ಷವಿಡೀ ಬೆಳೆಯುತ್ತದೆ, ಹಾಗಾಗಿ ಹಲವು ಪಟ್ಟು ಹೆಚ್ಚು ಬೇಕೆಂದೇ ಇಟ್ಟುಕೊಳ್ಳಿ. ಅದನ್ನೂ ವರ್ಷದುದ್ದಕ್ಕೆ ಹಂಚಬೇಕು. ನಾವು ಒಂದೇ ಭಾನುವಾರ ತುಂಬಿದ ಚಮಚ ಹಾಕಿ, ಎಲೆ ಸುಟ್ಟಾಗ ಶೆಡ್ಡಿನವನ ಚಿಮಣಿಯನ್ನು ಬೈಯುತ್ತೇವೆ.

ಸಾವಯವ ಎಂದೊಡನೆ ಪಾಪವೆಲ್ಲ ತೊಳೆದುಹೋಯಿತೆಂದು ತಿಳಿಯುವವರಿಗೆ ಇನ್ನೊಂದು ಲೆಕ್ಕ. ಸಗಣಿ-ಗಂಜಲ ಕಲಸಿದ ಜೀವಾಮೃತವನ್ನು ಎಕರೆಗೆ 200 ಲೀಟರ್ ಕೊಡಿ ಎಂದು ನೈಸರ್ಗಿಕ ಕೃಷಿಯ ಸುಭಾಷ್ ಪಾಳೇಕರ್ ಹೇಳಿದ್ದು. ಅದೇ ಕುಂಡಕ್ಕೆ ಇಳಿಸಿದರೆ 4 ಮಿಲಿಲೀಟರಿಗೂ ಕಡಿಮೆ, ಒಂದು ಟೀ ಚಮಚ ತುಂಬುವುದಿಲ್ಲ. ತಾರಸಿಯಲ್ಲಿ ಅದನ್ನು ಮಗ್ಗಿನಲ್ಲಿ ಹೊಯ್ಯುತ್ತಾರೆ. ಕಡಲೆಹಿಂಡಿಯನ್ನು ವಾರಗಟ್ಟಲೆ ಕೊಳೆಸಿ ಗಟ್ಟಿ ಗಂಜಿಯಾಗಿಯೇ ಸುರಿಯುತ್ತಾರೆ. ಇದರ ಮೇಲೆ ಅಕ್ಕಿ ತೊಳೆದ ನೀರು, ಸಕ್ಕರೆ ಹಾಲು ಸಮೇತ ಟೀ ಸೊಪ್ಪು, ಬಾಳೆಹಣ್ಣಿನ ಸಿಪ್ಪೆ, ಸುಣ್ಣದ ಅಂಶ ಮೊದಲೇ ತುಂಬಿರುವ ನೀರಿನ ಊರಿನಲ್ಲಿ ಸುಣ್ಣಕ್ಕೆಂದು ಮೊಟ್ಟೆಯ ಚಿಪ್ಪು. ಇವು ಗೊಬ್ಬರವಾಗಬೇಕಾದರೆ ಮೊದಲು ಕೊಳೆಯಬೇಕು. ಕೊಳೆಸುವ ಸೂಕ್ಷ್ಮಜೀವಿಗಳಿಗೂ ಆಮ್ಲಜನಕ ಬೇಕು. ಬೇರಿಗೆ ಉಳಿದಿದ್ದ ಒಂದಿಷ್ಟು ಗಾಳಿಯನ್ನೂ ಅವು ಬಾಚಿಕೊಳ್ಳುತ್ತವೆ. ಸಾವಯವ ಪದಾರ್ಥ ನೆಲದಲ್ಲಿ ಮಾಡುವ ಒಳ್ಳೆಯ ಕೆಲಸವನ್ನೇ ತೂತಿಲ್ಲದ ಬಕೆಟ್ಟಿನಲ್ಲೂ ಮಾಡುತ್ತದೆಂದು ನಂಬುವುದು ಭಕ್ತಿ, ಕೃಷಿಯಲ್ಲ. ಕುಂಡದ ಮೇಲೆ ಸಣ್ಣ ಕಪ್ಪು ನೊಣಗಳು ಎದ್ದಾಗಲಾದರೂ ಸುಳಿವು ಸಿಗಬೇಕಿತ್ತು. ಅವು ಹುಟ್ಟುವುದು ಸದಾ ಒದ್ದೆಯಾಗಿರುವ, ಕೊಳೆಯುತ್ತಿರುವ ಮಣ್ಣಿನಲ್ಲಿ. ನಾವು ಅದನ್ನು ಹುಳುಬಾಧೆ ಎಂದು ಬಗೆದು ಬೇವಿನೆಣ್ಣೆ ಸಿಂಪಡಿಸುತ್ತೇವೆ, ಅದೂ ನೀರಿನಲ್ಲಿ ಕಲಸಿ.

ನೀರು, ಗೊಬ್ಬರ ಎರಡೂ ಕೈಕೈ ಹಿಡಿದಾಗ ಆಟ ಇನ್ನೂ ಕೆಡುತ್ತದೆ. ಮುಳುಗಿದ ಬೇರಿಗೆ ಸಾರಜನಕವನ್ನೂ ಕಬ್ಬಿಣವನ್ನೂ ಎಳೆದುಕೊಳ್ಳಲು ತ್ರಾಣವಿರುವುದಿಲ್ಲ, ಎಲೆ ಹಳದಿಗಟ್ಟುತ್ತದೆ. ಹಳದಿ ಕಂಡೊಡನೆ ಹಸಿವೆಂದು ಗೊಬ್ಬರ. ಗೊಬ್ಬರದಿಂದ ತುದಿ ಸುಟ್ಟೊಡನೆ ಬಿಸಿಲೆಂದು ನೀರು. ನೀರಿನಿಂದ ಮತ್ತೆ ಹಳದಿ. ಕರಿಬೇವಿನ ಗತಿಯಂತೂ ಪ್ರತಿ ಚಳಿಗಾಲದಲ್ಲಿ ಇದೇ. ಡಿಸೆಂಬರ್, ಜನವರಿಯ ತಂಪಿಗೆ ಅದು ಬೆಳವಣಿಗೆ ನಿಲ್ಲಿಸಿ ಹಳೆಯ ಎಲೆ ಉದುರಿಸುವುದು ಅದರ ಸ್ವಭಾವ. ನಿದ್ದೆಗೆ ಜಾರಿದ ಗಿಡಕ್ಕೆ ಮಜ್ಜಿಗೆ, ಹಿಂಡಿ, ನೀರು ಎಂದು ಔತಣ ಹೂಡಿ, ಯುಗಾದಿಗೆ ಚಿಗುರಬೇಕಿದ್ದದ್ದನ್ನು ಸಂಕ್ರಾಂತಿಗೇ ಕಳಿಸಿಕೊಡುತ್ತೇವೆ.

ಈಗ ಉಳಿಸುವವರ ವಿಷಯಕ್ಕೆ ಬರೋಣ. ಅಳಿಸುವವರಿಗಿಂತ ಇವರ ಮೇಲೆಯೇ ನನಗೆ ಹೆಚ್ಚು ಸಿಟ್ಟು. ಗಿಡ ಬಾಡಿದೆ ಎಂದೊಡನೆ ಶುರುವಾಗುತ್ತದೆ: ಬೇರಿಗೆ ದಾಲ್ಚಿನ್ನಿ ಪುಡಿ, ಅರಿಶಿನ, ಹೈಡ್ರೋಜನ್ ಪೆರಾಕ್ಸೈಡ್, ಒಂದು ಚಮಚ ಎಪ್ಸಮ್ ಸಾಲ್ಟ್, ಹೊಸ ಕುಂಡ, ಹೊಸ ವರ್ಮಿಕಾಂಪೋಸ್ಟ್, ಮೇಲೊಂದು ಟಾನಿಕ್. ಎಪ್ಸಮ್ ಸಾಲ್ಟ್ ಮೆಗ್ನೀಸಿಯಂ ಸಲ್ಫೇಟ್. ಉಪ್ಪಿನಿಂದ ನರಳುವ ಗಿಡಕ್ಕೆ ಇನ್ನೊಂದು ಉಪ್ಪು. ಬೇರು ಕಳೆದುಕೊಂಡ ಗಿಡವನ್ನು ದೊಡ್ಡ ಕುಂಡಕ್ಕೆ ಏರಿಸಿದರೆ ಸುತ್ತ ಹೀರುವವರಿಲ್ಲದ ಅಷ್ಟೂ ಮಣ್ಣು ದಿನಗಟ್ಟಲೆ ಒದ್ದೆಯಾಗಿ ಕೂರುತ್ತದೆ. ಕೋಕೋಪೀಟ್ ತನ್ನ ತೂಕದ ಏಳೆಂಟು ಪಟ್ಟು ನೀರು ಹಿಡಿಯುತ್ತದೆ, ಮೇಲೆ ಮಾತ್ರ ಒಣಗಿ ಕಂದಾಗಿ ಕಾಣುತ್ತದೆ. ಮೇಲು ನೋಡಿ ನೀರು ಹಾಕುವವರಿಗೆ ಇದಕ್ಕಿಂತ ಮೋಸದ ವಸ್ತು ಇನ್ನಿಲ್ಲ.

ಇವೆಲ್ಲಕ್ಕಿಂತ ಬೇರೂರಿದ ಮೂಢನಂಬಿಕೆ ಒಂದಿದೆ, ತಳಕ್ಕೆ ಜಲ್ಲಿ ಹಾಕುವುದು. ಓದಿದವರೂ ಹಾಕುತ್ತಾರೆ, ಗಿಡ ಮಾರುವವರೂ ಹಾಕಿಸುತ್ತಾರೆ. ಜಲ್ಲಿಯಿದ್ದರೆ ನೀರು ಸಲೀಸಾಗಿ ಇಳಿಯುತ್ತದೆ ಎಂಬುದು ವಾದ. ಇಳಿಯುವುದಿಲ್ಲ. ನುಣ್ಣನೆಯ ಮಣ್ಣು ನೀರನ್ನು ತನ್ನ ಸಣ್ಣ ಸಂದುಗಳಲ್ಲಿ ಬಿಗಿಯಾಗಿ ಹಿಡಿದಿರುತ್ತದೆ. ಕೆಳಗೆ ದೊಡ್ಡ ಸಂದಿನ ಜಲ್ಲಿ ಬಂದರೆ, ಮೇಲಿನ ಮಣ್ಣು ಪೂರ್ತಿ ತೊಯ್ದು ತುಂಬುವವರೆಗೆ ಒಂದು ಹನಿಯೂ ಆ ಗಡಿ ದಾಟುವುದಿಲ್ಲ. ಯಾವ ಕುಂಡದಲ್ಲಾದರೂ ತಳದಲ್ಲಿ ಒಂದು ಒದ್ದೆ ಪದರ ಉಳಿದೇ ಉಳಿಯುತ್ತದೆ. ಜಲ್ಲಿ ಹಾಕಿದರೆ ಆ ಒದ್ದೆ ಪದರ ಜಲ್ಲಿಯ ಎತ್ತರದಷ್ಟು ಮೇಲಕ್ಕೆ, ಅಂದರೆ ಬೇರಿನ ಹತ್ತಿರಕ್ಕೆ ಏರುತ್ತದೆ. ಬಸಿಯಬೇಕೆಂದರೆ ಇಡೀ ಮಣ್ಣಿನಲ್ಲಿ ದಪ್ಪ ಮರಳು, ಇಟ್ಟಿಗೆ ಚೂರು, ಹೊಟ್ಟು ಬೆರೆಸಬೇಕು, ತಳದ ತೂತಿನ ಮೇಲೆ ಮಣ್ಣು ಜಾರದಂತೆ ಒಂದು ಜಾಲರಿಯ ತುಂಡು ಇಟ್ಟರೆ ಮುಗಿಯಿತು. ಕೆಳಮನೆಯವರ ಜಗಳಕ್ಕೂ ಪರಿಹಾರವಿದೆ. ಎರಡು ಇಟ್ಟಿಗೆಯ ಮೇಲೆ ಕುಂಡ, ನಡುವೆ ತಟ್ಟೆ, ನೀರು ಹಾಕಿದ ಅರ್ಧ ಗಂಟೆಗೆ ತಟ್ಟೆ ಖಾಲಿ.

ಮುಳುಗಿದ ಗಿಡಕ್ಕೂ ಉಪ್ಪೇರಿದ ಗಿಡಕ್ಕೂ ಮದ್ದು ಒಂದೇ ಅಲ್ಲ. ಒಂದರ ಮದ್ದು ಇನ್ನೊಂದಕ್ಕೆ ವಿಷ. ಇದನ್ನು ಯಾವ ವಿಡಿಯೋ ವೀರನೂ ಬಿಡಿಸಿ ಹೇಳುವುದಿಲ್ಲ. ನೀರು ಹೆಚ್ಚಾದದ್ದೇ ರೋಗವಾದರೆ ಮಾಡಬೇಕಾದ ಮೊದಲ ಕೆಲಸ ಚೊಂಬು ಕೆಳಗಿಡುವುದು. ಮಣ್ಣು ಬರಿಯ ಒದ್ದೆಯಾಗಿದ್ದು ವಾಸನೆಯಿಲ್ಲದಿದ್ದರೆ ಕುಂಡವನ್ನು ಓರೆಯಾಗಿಸಿ ಬಸಿಯಲು ಬಿಟ್ಟು, ಬಿಸಿಲಿನ ಹೊಡೆತವಿಲ್ಲದ ಗಾಳಿಯಾಡುವ ಜಾಗದಲ್ಲಿಟ್ಟು ಕಾಯಬೇಕು, ಅಷ್ಟೇ. ಬಾಡಿದೆಯೆಂದು ಬಿಸಿಲಿಗೆ ತಳ್ಳಬಾರದು. ಬೇರು ಎತ್ತಿಕೊಡಲಾಗದ ನೀರನ್ನು ಬಿಸಿಲು ಎಲೆಯಿಂದ ಕೇಳುತ್ತದೆ. ವಾಸನೆಯಿದ್ದರೆ ಮಣ್ಣಿನುಂಡೆ ಸಮೇತ ಹೊರತೆಗೆದು ಹಳೆಯ ಪತ್ರಿಕೆಯ ಹಾಳೆಗಳಲ್ಲಿ ಸುತ್ತಿದರೆ ಕಾಗದ ತೇವ ಹೀರುತ್ತದೆ. ಕಂದು ತಿರುಗಿ ಮೆತ್ತಗಾದ ಬೇರನ್ನು ಸ್ವಚ್ಛ ಕತ್ತರಿಯಿಂದ ತೆಗೆದು, ಉಳಿದ ಬೇರಿಗೆ ತಕ್ಕ ಸಣ್ಣ ಕುಂಡದಲ್ಲಿ, ಗೊಬ್ಬರವಿಲ್ಲದ ಸಡಿಲ ಮಣ್ಣಿನಲ್ಲಿ ಕೂರಿಸಬೇಕು. ಹೊಸ ಚಿಗುರು ಕಾಣುವವರೆಗೆ ಗೊಬ್ಬರದ ಡಬ್ಬ ತೆರೆಯಬಾರದು. ಬುಡದ ಕಾಂಡವೇ ಕಪ್ಪಾಗಿ ಮೆತ್ತಗಾಗಿದ್ದರೆ ಆ ಗಿಡದ ಕಥೆ ಮುಗಿದಿದೆ. ಮೇಲಿನ ಹಸಿರು ಕಡ್ಡಿ ಕತ್ತರಿಸಿ ನೆಡಿ. ದಾಸವಾಳ, ದೊಡ್ಡಪತ್ರೆ, ಮನಿ ಪ್ಲಾಂಟು, ತುಳಸಿ ಕೂಡ ಕಡ್ಡಿಯಿಂದ ಬದುಕುತ್ತವೆ. ಸತ್ತದ್ದರ ಮಣ್ಣನ್ನು ಪಕ್ಕದ ಕುಂಡಕ್ಕೆ ಸುರಿಯಬೇಡಿ. ಅದರಲ್ಲಿ ಈಜುಗಾರರು ಇನ್ನೂ ಇದ್ದಾರೆ.

ಗೊಬ್ಬರ ಹೆಚ್ಚಾದರೆ ದಾರಿ ತಿರುವುಮುರುವು. ಮೇಲೆ ಕಾಣುವ ಗೊಬ್ಬರವನ್ನೂ ಬಿಳಿ ಪುಡಿಯನ್ನೂ ಕೆರೆದು ತೆಗೆದು, ತೂತು ತೆರೆದಿದೆಯೆಂದು ಖಾತ್ರಿ ಮಾಡಿಕೊಂಡು, ಕುಂಡ ಹಿಡಿಯುವ ಮಣ್ಣಿನ ಎರಡು ಮೂರು ಪಟ್ಟು ನೀರನ್ನು ನಿಧಾನವಾಗಿ ಸುರಿದು ಹರಿಯಬಿಡಬೇಕು. ಹರಿದದ್ದು ತಟ್ಟೆಯಲ್ಲಿ ನಿಂತು ಮತ್ತೆ ಮೇಲೇರಬಾರದು. ಬೋರ್ ನೀರಿಗಿಂತ ಹಿಡಿದಿಟ್ಟ ಮಳೆನೀರು ಇದಕ್ಕೆ ಉತ್ತಮ. ಆಮೇಲೆ ಚೆನ್ನಾಗಿ ಆರುವವರೆಗೆ ಮುಟ್ಟಬಾರದು. ಹಿಂಡಿ, ಸಗಣಿಯಂಥವು ಹೆಚ್ಚಾಗಿದ್ದರೆ ತೊಳೆದು ಪ್ರಯೋಜನವಿಲ್ಲ, ಅವು ಕರಗಿ ಹೋಗುವಂಥವಲ್ಲ, ಮಣ್ಣನ್ನೇ ಬದಲಿಸಬೇಕು.

ಎದುರು ಪಕ್ಷದ ಬಲವಾದ ವಾದ ಬೇಸಿಗೆಯದು. 2024ರ ಏಪ್ರಿಲಿನಲ್ಲಿ ಬೆಂಗಳೂರಿನ ಬಿಸಿಲು 38 ಡಿಗ್ರಿ ದಾಟಿತ್ತು. ಕಾದ ತಾರಸಿಯ ಮೇಲಿನ ಸಣ್ಣ ಮಣ್ಣಿನ ಕುಂಡಕ್ಕೆ ದಿನವೂ ನೀರು ಬೇಡವೇ ಎಂದು ಕೇಳುತ್ತಾರೆ. ಬೇಕು. ಕೆಲವಕ್ಕೆ ಎರಡು ಹೊತ್ತೂ ಬೇಕು. ನನ್ನ ಜಗಳ ನೀರಿನ ಜೊತೆಗಲ್ಲ, ಮಣ್ಣು ಮುಟ್ಟದೆ ಹಾಕುವ ನೀರಿನ ಜೊತೆಗೆ. ಬೆರಳನ್ನು ಎರಡು ಗಿಣ್ಣಿನಷ್ಟು ಇಳಿಸಿ ನೋಡಿ, ಅಥವಾ ಉರಿದುಳಿದ ಊದುಬತ್ತಿಯ ಕಡ್ಡಿ ಚುಚ್ಚಿ ತೆಗೆಯಿರಿ. ಮಣ್ಣು ಅಂಟಿ ಬಂದರೆ ಇವತ್ತು ಬೇಡ. ಅದೇ ವರ್ಷದ ಮಾರ್ಚ್ ತಿಂಗಳಲ್ಲಿ ಜಲಮಂಡಳಿ ಕುಡಿಯುವ ನೀರನ್ನು ತೋಟಕ್ಕೆ, ಕಾರು ತೊಳೆಯಲು ಬಳಸಿದರೆ 5,000 ರೂಪಾಯಿ ದಂಡ ಎಂದು ಆದೇಶ ಹೊರಡಿಸಿತು. ಬಡಾವಣೆಯಲ್ಲಿ ದೊಡ್ಡ ಗೊಣಗಾಟ. ದಂಡಕ್ಕೆ ಹೆದರಿ ಕುಂಡಗಳಿಗೆ ಬಿದ್ದದ್ದು ಬಟ್ಟೆ ಒಗೆದ ಸೋಪಿನ ನೀರು. ಯಾವ ನೀರು ಎಂಬ ಚರ್ಚೆ ಎಲ್ಲೆಲ್ಲೂ ನಡೆಯಿತು. ಎಷ್ಟು ನೀರು ಎಂದು ಆಗಲೂ ಯಾರೂ ಕೇಳಲಿಲ್ಲ.

ಇನ್ನೊಂದು ವಾದ ತುಳಸಿಯದು, ಅದನ್ನು ಮುಟ್ಟಲು ಎಲ್ಲರೂ ಹಿಂಜರಿಯುತ್ತಾರೆ. ನಿತ್ಯ ನೀರೆರೆಯುವುದು ಪೂಜೆ, ಅದರಲ್ಲಿ ಲೆಕ್ಕವೇಕೆ ಎಂದು. ಹಳೆಯ ಮನೆಗಳ ತುಳಸಿಕಟ್ಟೆಯ ಮಣ್ಣು ಕೆಳಗಿನ ನೆಲಕ್ಕೆ ಕೂಡಿಕೊಂಡಿರುತ್ತಿತ್ತು. ಎರೆದ ನೀರು ಭೂಮಿಗೆ ಇಳಿಯುತ್ತಿತ್ತು. ಇವತ್ತು ಗ್ರಿಲ್ಲಿನೊಳಗೆ ಇಟ್ಟಿರುವುದು ತಳ ಮುಚ್ಚಿದ ಸಿಮೆಂಟಿನ ಪುಟ್ಟ ಬೃಂದಾವನ. ಪೂಜೆ ಹಳೆಯದೇ, ಪಾತ್ರೆ ಹೊಸದು. ದೇವರಿಗೆ ಅರ್ಘ್ಯ ಕೊಡುವುದು ಉದ್ಧರಣೆಯಲ್ಲಿ. ತುಳಸಿಗೂ ಮಳೆಗಾಲದ ದಿನಗಳಲ್ಲಿ ಒಂದು ಉದ್ಧರಣೆ ನೀರು ಸಾಲದೆನ್ನುವ ಶಾಸ್ತ್ರಿಗಳನ್ನು ನಾನು ಕಂಡಿಲ್ಲ. ಉತ್ಥಾನ ದ್ವಾದಶಿಯ ಹಾಲನ್ನು ಬುಡಕ್ಕೆ ಸುರಿಯದೆ ನೈವೇದ್ಯ ಮಾಡಿ ಮಕ್ಕಳಿಗೆ ಕೊಟ್ಟರೆ ವ್ರತಭಂಗವೇನೂ ಆಗದು.

ನರ್ಸರಿಯವನ ಮಾತನ್ನೂ ಒಂದಿಷ್ಟು ಸೋಸಬೇಕು. ದಿನಾ ನೀರು ಹಾಕಿ ಎಂದು ಅವನು ಹೇಳುವುದು ಸುಳ್ಳಲ್ಲ. ಅವನ ಸಣ್ಣ ಕಪ್ಪು ಚೀಲದಲ್ಲಿ, ಬೇರು ತುಂಬಿದ ಒಂದು ಹಿಡಿ ಮಣ್ಣಿಗೆ, ಅದು ಸರಿ. ಆಂಧ್ರದ ಕಡಿಯಂ ಕಡೆಯಿಂದ ಲಾರಿಯಲ್ಲಿ ಬಂದ ಗಿಡವಾದರೆ ಬೇರಿನ ಸುತ್ತ ಅಂಟು ಜೇಡಿಯ ಉಂಡೆ ಇರುತ್ತದೆ. ಅದನ್ನು ಹಾಗೇ ನಮ್ಮ ಸಡಿಲ ಮಣ್ಣಿನಲ್ಲಿ ಕೂರಿಸಿದರೆ ಉಂಡೆಯೊಳಗೆ ಒಂದು ಹವೆ, ಹೊರಗೆ ಇನ್ನೊಂದು. ಕೊಂಡವರು ಕೇಳುವುದಿಲ್ಲ, ಮಾರುವವನು ಹೇಳುವುದಿಲ್ಲ. ಗಿಡ ಹೋದರೆ ಕೈಗುಣ ಎಂದುಕೊಂಡು ಕೊಂಡವರೇ ಮರಳಿ ಬರುತ್ತಾರೆ, ವ್ಯಾಪಾರಕ್ಕೆ ನಷ್ಟವಿಲ್ಲ.

ಕೈಗುಣದ ಪುರಾಣವನ್ನು ನಂಬುವವರು ಒಂದು ಸಂಗತಿಗೆ ಉತ್ತರ ಹೇಳಲಿ. ಮಳೆಗಾಲದಲ್ಲಿ ಹಬ್ಬಕ್ಕೋ ಮದುವೆಗೋ ಇಡೀ ಸಂಸಾರ ಊರಿಗೆ ಹೋಗಿ, ಬೀಗ ಹಾಕಿದ ಮನೆಯ ತಾರಸಿಯಲ್ಲಿ ಕುಂಡಗಳು ಅನಾಥವಾಗಿ ಉಳಿಯುತ್ತವಲ್ಲ, ಆ ವಾರವೇ ಎಷ್ಟೋ ಗಿಡಗಳು ತಲೆಯೆತ್ತುವುದೇಕೆ? ಮರಳಿ ಬಂದವರು ಹೊಸ ಚಿಗುರು ನೋಡಿ ಹಿಗ್ಗುತ್ತಾರೆ. ನಮ್ಮನ್ನು ಕಂಡು ಅದಕ್ಕೂ ಖುಷಿಯಾಗಿದೆ ಎನ್ನುತ್ತಾರೆ. ಪಾಪ, ಇಷ್ಟು ದಿನ ಉಪವಾಸವಿತ್ತು ಎಂದು ಚೀಲ ಇಳಿಸುವ ಮೊದಲೇ ಬುಡಕ್ಕೆ ಎರಡು ಹಿಡಿ ಹಿಂಡಿ ಹಾಕುತ್ತಾರೆ.